ಕೃತಕ ಗೋಡೆಯಿಂದ ಬಯಲ ಬಂಡೆಗೆ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿರುವಂಥ ಕೃತಕ ಗೋಡೆಯ ಮೇಲೆ ಹತ್ತುವುದನ್ನು ಕಲಿತವರು ರಾಮನಗರದ ಅಥವಾ ಬಾದಾಮಿಯ ಬಂಡೆಯತ್ತ ಹೊರಟಾಗ ಕೈಕಾಲಿನ ಬಲಕ್ಕಿಂತ ಮೊದಲು ಬೆಳೆಯಬೇಕಾದದ್ದು ಹೊಣೆಯ ಅರಿವು. ಗೋಡೆಗೆ ಹಿಡಿಕೆಗಳನ್ನು ಬಿಗಿಯುವುದು, ಮೇಲಿನ ಆಧಾರಕ್ಕೆ ಹಗ್ಗ ಹಾಯಿಸುವುದು, ಸವೆದ ಸಲಕರಣೆಯನ್ನು ತೆಗೆದುಹಾಕುವುದು ಎಲ್ಲವೂ ಅಲ್ಲಿನ ಸಿಬ್ಬಂದಿಯ ಕೆಲಸ. ಬಂಡೆಯ ಬುಡದಲ್ಲಿ ಆ ಪರಿಶೀಲನೆಯೆಲ್ಲ ಹತ್ತುವವರ ಪಾಲಿಗೇ ಬರುತ್ತದೆ.

ಆದ್ದರಿಂದ ಹೊಸಬರು ಅನುಭವಿ ಶಿಕ್ಷಕರ ಜೊತೆಯಲ್ಲಿ, ಹಗ್ಗವು ಮೇಲಿನ ಆಧಾರದ ಮೂಲಕ ಹಾದುಬರುವ ‘ಟಾಪ್ ರೋಪ್’ ಪದ್ಧತಿಯಿಂದ ಆರಂಭಿಸುವುದು ಒಳಿತು. ಕೆಳಗೆ ನಿಂತ ಜೊತೆಗಾರರು ಸಾಧನವೊಂದರ ನೆರವಿನಿಂದ ಆ ಹಗ್ಗವನ್ನು ಹಿಡಿತದಲ್ಲಿಡುವುದಕ್ಕೆ ‘ಬಿಲೇ’ ಎನ್ನುತ್ತಾರೆ. ‘ಆಂಕರ್’ ಎನಿಸಿಕೊಳ್ಳುವ ಮೇಲಿನ ಆಧಾರ ಒಂದೇ ಬೋಲ್ಟನ್ನು ನೆಚ್ಚಿಕೊಂಡಿರಬಾರದು. ಕನಿಷ್ಠ ಎರಡಿದ್ದು, ಒಂದು ಕಿತ್ತುಬಂದರೂ ಇನ್ನೊಂದು ಭಾರ ತಡೆಯುವಂತಿರಬೇಕು. ಸಡಿಲ ಕಲ್ಲು ಬೀಳುವುದು ಕೆಳಗಿದ್ದವರ ಮೇಲೆಯೇ ಆದ್ದರಿಂದ ಹೆಲ್ಮೆಟ್ ಇಬ್ಬರಿಗೂ ಬೇಕು.

ಏರುವಾಗಿನ ಅಪಾಯವನ್ನು ಎಲ್ಲರೂ ಊಹಿಸಬಲ್ಲರು. ಇಳಿಯುವಾಗಿನದು ಹೊಸಬರ ಗಮನಕ್ಕೆ ಅಷ್ಟಾಗಿ ಬಾರದಿರುವುದೇ ಹೆಚ್ಚು ಕಳವಳದ ಸಂಗತಿ. ತುದಿ ಮುಟ್ಟಿದವರು ತಮ್ಮ ಕೊಂಡಿಗಳನ್ನು ಬಿಡಿಸಿಕೊಂಡು ಬರಬೇಕಾದಾಗ ಸೊಂಟದ ಗಂಟನ್ನು ಬಿಚ್ಚಿ, ಹಗ್ಗವನ್ನು ಆಂಕರಿನ ಬಳೆಗಳಲ್ಲಿ ತೂರಿಸಿ, ಮತ್ತೆ ಕಟ್ಟಿಕೊಳ್ಳುವ ಸಂದರ್ಭ ಬರುತ್ತದೆ. ಗಂಟು ಬಿಚ್ಚುವ ಮುನ್ನ, ಸೊಂಟ ಮತ್ತು ತೊಡೆಗಳಿಗೆ ತೊಡುವ ಹಾರ್ನೆಸ್ಸನ್ನು ಪ್ರತ್ಯೇಕ ಪಟ್ಟಿಯೊಂದರಿಂದ ಆಂಕರಿಗೆ ಸೇರಿಸಿ, ಅದರ ಮೇಲೆ ಭಾರ ಹಾಕಿ ನೋಡಿರಬೇಕು. ಮತ್ತೆ ಕಟ್ಟಿಕೊಂಡ ಹಗ್ಗ ಮೈಭಾರ ಹೊತ್ತಿದೆಯೆಂದು ಖಚಿತವಾದ ಬಳಿಕವೇ ಆ ಪಟ್ಟಿಯನ್ನು ಕಳಚಬೇಕು. ಮೇಲಿದ್ದವರು ತಮ್ಮನ್ನು ಇಳಿಸುತ್ತಾರೆಂದು ನಂಬಿರುವಾಗ, ಅವರೇ ಹಗ್ಗದ ಮೇಲೆ ಇಳಿದುಬರುತ್ತಾರೆಂದು ಭಾವಿಸಿ ಕೆಳಗಿನವರು ಬಿಲೇ ಬಿಟ್ಟರೆ ನೆಲಕ್ಕೆ ಬೀಳುವುದೇ ಗತಿ. ಗಾಳಿಯಲ್ಲಿ ಕೂಗು ಸರಿಯಾಗಿ ಕೇಳಿಸದಿರಬಹುದಾದ್ದರಿಂದ ಇಳಿಯುವ ಬಗೆಯನ್ನು ಹೊರಡುವ ಮೊದಲೇ ಇಬ್ಬರೂ ಮಾತಾಡಿಕೊಂಡಿರಬೇಕು. 60 ಮೀಟರ್ ಹಗ್ಗದಲ್ಲಿ 30 ಮೀಟರಿಗಿಂತ ಬಹಳ ಎತ್ತರದಿಂದ ಇಳಿಸಲು ಹೋದರೆ, ನೆಲ ಮುಟ್ಟುವ ಮೊದಲೇ ಹಗ್ಗದ ತುದಿ ಬಿಲೇ ಸಾಧನದಿಂದ ಜಾರಿಹೋಗುತ್ತದೆ. ತುದಿಯಲ್ಲೊಂದು ಗಂಟು ಹಾಕಿದ್ದರೆ ಅದು ಸಾಧನಕ್ಕೆ ಸಿಕ್ಕಿ ನಿಲ್ಲುತ್ತದೆ.

ಕಲ್ಲಿನ ಗುಣವೂ ಊರಿಂದೂರಿಗೆ ಬೇರೆ. ರಾಮನಗರದ ಗ್ರಾನೈಟಿನ ಇಳಿಜಾರುಗಳಲ್ಲಿ ಹಿಡಿಕೆಗಿಂತ ಪಾದದ ಹಿಡಿತವನ್ನೇ ನಂಬಬೇಕಾಗುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲು ನೀರು ಹೀರಿದಾಗ ಬಲ ಕಳೆದುಕೊಳ್ಳುವುದರಿಂದ, ಮಳೆ ನಿಂತ ಮೇಲೂ ಒಳಗಿನ ತೇವ ಆರುವವರೆಗೆ ಅದನ್ನು ಹತ್ತಬಾರದು. ಹೆಜ್ಜೇನಿನ ಗೂಡು ಕಂಡರೆ ಗದ್ದಲ ಮಾಡದೆ ಆ ದಾರಿಯನ್ನು ಕೈಬಿಡುವುದೇ ಸರಿ. ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿರುವುದರಿಂದ, ಆ ಕಡೆ ಹೊರಡುವವರು ಮೊದಲು ಅರಣ್ಯ ಇಲಾಖೆಯನ್ನು ವಿಚಾರಿಸಿಕೊಳ್ಳಬೇಕು.