ಬಾಡಿಗೆ ಮನೆಗೆ ನಾಯಿ: ಡಾಕ್ಟರ್ ಚೀಟಿ ಸಾಕಾಗುತ್ತಾ?

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಬಾಡಿಗೆ ಮನೆ ಹುಡುಕ್ತಿರೋರಿಗೆ ಈ ಎಪಿಸೋಡ್. ಆತಂಕ, ಒಂಟಿತನಕ್ಕೆ ನಾಯಿ ಜೊತೆಗಿರಲಿ ಅಂತ ಡಾಕ್ಟರ್ ಬರೆದುಕೊಟ್ಟರೆ ಓನರ್ ಒಪ್ಪಲೇಬೇಕಾ? ಇಲ್ಲ ಮಾರಾಯ್ರೆ. ‘ಎಮೋಷನಲ್ ಸಪೋರ್ಟ್ ಅನಿಮಲ್’ ಅನ್ನೋದು ಅಮೆರಿಕದಿಂದ ರೀಲ್ಸ್ ಮೂಲಕ ಬಂದ ಮಾತು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಾಗಲಿ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಾಗಲಿ ಆ ಹೆಸರೇ ಇಲ್ಲ. ಆನ್‌ಲೈನ್ ಸರ್ಟಿಫಿಕೇಟಿಗೆ ಕೊಟ್ಟ ದುಡ್ಡು ದಂಡ.

ನಮ್ಮಲ್ಲಿರೋದು ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ. ಅಪಾರ್ಟ್‌ಮೆಂಟ್ ಸಂಘ ಬಹುಮತದ ಠರಾವು ಮಾಡಿದರೂ ಸಾಕುನಾಯಿ ನಿಷೇಧಿಸುವಂತಿಲ್ಲ ಅನ್ನುತ್ತೆ. ಕೇರಳ ಹೈಕೋರ್ಟ್ 2021ರಲ್ಲಿ ಅಂಥ ಬೈಲಾ ಅಕ್ರಮ ಅಂದಿತು. ಆದರೆ ಇದೆಲ್ಲ ಸಂಘಗಳ ವಿಷಯ. ಕೆಳಗೆ ಓನರ್, ಮೇಲೆ ನಾವು ಇರೋ ಮನೆಯಲ್ಲಿ ನಡೆಯೋದು ಕರಾರು ಪತ್ರ. ‘ಪ್ರಾಣಿ ಸಾಕುವಂತಿಲ್ಲ’ ಅಂತಿರೋ 11 ತಿಂಗಳ ಕರಾರಿಗೆ ಸಹಿ ಹಾಕಿ ಆಮೇಲೆ ನಾಯಿ ತಂದರೆ, ಖಾಲಿ ಮಾಡಿ ಅನ್ನಬಹುದು. ‘ಅಡ್ಡಿಲ್ಲ ಬಿಡಿ’ ಅನ್ನೋ ಬಾಯಿಮಾತೆಲ್ಲ ಮಳೆಗಾಲದಲ್ಲಿ ಒದ್ದೆ ನಾಯಿ ಮೆಟ್ಟಿಲು ಹತ್ತೋ ತನಕ. ಅದಕ್ಕೇ ಅಡ್ವಾನ್ಸ್ ಕೊಡೋ ಮುಂಚೆ ಬರೆಸಿಕೊಳ್ಳಿ: ಯಾವ ಪ್ರಾಣಿ, ಎಷ್ಟು, ಬಾಗಿಲು ಪರಚಿದರೆ ಎಷ್ಟು ಹಣ ಮುರಿದುಕೊಳ್ಳೋದು. ರೇಬೀಸ್ ಲಸಿಕೆ ಕಾರ್ಡಿನ ಝೆರಾಕ್ಸೂ ಕೊಡಿ, ಓನರ್ ಮನೆಯಲ್ಲಿ ಮಕ್ಕಳಿದ್ದರೆ ಕೇಳೇ ಕೇಳ್ತಾರೆ.

ಮನೆ ಸಿಗಲಿಲ್ಲ ಅಂತ ನಾಯೀನ ಕಡಲತೀರದಲ್ಲಿ ಉಪವಾಸ ಬಿಟ್ಟು ಬರೋದು ಮಾತ್ರ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.