ಟರ್ಮಿನೇಟರ್ ಗದ್ದಲದಲ್ಲಿ ಮರೆತುಹೋದ ಚಿಕ್ಕ ಪೊಟ್ಟಣ

ನಮ್ಮ ಆದವಾನಿ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಪತ್ರಿಕೆ ಓದುವವರಿದ್ದಾರೆ. ಒಂದರಲ್ಲಿ ಬಿಟ್ಟದ್ದು ಇನ್ನೊಂದರಲ್ಲಿ ಸಿಗುತ್ತದೆ. ಆದರೂ ಬಿ.ಟಿ. ಹತ್ತಿಯ ವಿಷಯದಲ್ಲಿ ರೈತನಿಗೆ ಬೇಕಾಗಿದ್ದ ಮಾತು ಗದ್ದಲದಲ್ಲಿ ಮುಳುಗಿತು ಎಂಬುದು ನನ್ನ ಅಭಿಪ್ರಾಯ.

1998ರ ನವೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಹತ್ತಿಯನ್ನು ಕಿತ್ತು ಸುಟ್ಟಿತು. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಶಬ್ದ: 'ಟರ್ಮಿನೇಟರ್'. "ಬಾಜೂ ಹೊಲದಾಗ ಅದನ್ನ ಹಾಕಿದ್ರ ನಮ್ಮ ಬೀಜಾನೂ ಹುಟ್ಟಂಗಿಲ್ಲಂತ, ಖರೇ ಏನ್ರಿ?" ಎಂದು ಮಾರ್ಕೆಟ್ ಯಾರ್ಡಿನಲ್ಲಿ ಕೇಳುವವರೇ ಕೇಳುವವರು.

ಎರಡೂ ಬೇರೆ ಬೇರೆ. ಬೀಜ ಮತ್ತೆ ಮೊಳೆಯದಂತೆ ಮಾಡುವ ಟರ್ಮಿನೇಟರ್ ವಿಧಾನಕ್ಕೆ ಅಮೆರಿಕದಲ್ಲಿ 1998ರ ಮಾರ್ಚ್‌ನಲ್ಲಿ ಪೇಟೆಂಟ್ ಸಿಕ್ಕಿತ್ತು. ಅದು ಮಾರುಕಟ್ಟೆಗೆ ಬರಲೇ ಇಲ್ಲ. ನಮ್ಮ 2001ರ ಸಸ್ಯ ತಳಿ ಕಾಯ್ದೆ ಅಂಥ ಬೀಜದ ನೋಂದಣಿಯನ್ನೇ ತಡೆದಿದೆ. ಬಿ.ಟಿ. ಹತ್ತಿಯಲ್ಲಿದ್ದದ್ದು ಕಾಯಿಕೊರಕ ಹುಳುವನ್ನು ಕೊಲ್ಲುವ, ಮಣ್ಣಿನ ಬ್ಯಾಕ್ಟೀರಿಯಾದಿಂದ ತಂದ ಗುಣ. ಆದರೆ ಪ್ರಯೋಗ ಯಾವ ಹೊಲದಲ್ಲಿ ನಡೆದಿದೆ ಎಂದು ಜನರಿಗೆ ಮೊದಲೇ ತಿಳಿಯಬೇಕು ಎಂಬ ಸಂಘದ ಬೇಡಿಕೆ ನ್ಯಾಯವಾದದ್ದೇ.

2002ರ ಮಾರ್ಚ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. ಮುಂದಿನ ಜಗಳ ದರದ್ದು. 450 ಗ್ರಾಂ ಪೊಟ್ಟಣಕ್ಕೆ 1,600 ರೂಪಾಯಿಗೂ ಮೇಲೆ ಕೊಟ್ಟವರು ನಾವು. ಆಂಧ್ರ ಸರಕಾರ ಎಂ.ಆರ್.ಟಿ.ಪಿ. ಆಯೋಗದ ಮುಂದೆ ದೂರು ಕೊಟ್ಟ ಮೇಲೆ 2006ರಲ್ಲಿ ದರ 750ಕ್ಕೆ ಇಳಿಯಿತು.

ಆ ಪೊಟ್ಟಣದ ಜತೆಗೆ 120 ಗ್ರಾಮಿನ ಇನ್ನೊಂದು ಚಿಕ್ಕ ಪೊಟ್ಟಣ ಇರುತ್ತಿತ್ತು: ಬಿ.ಟಿ. ಅಲ್ಲದ ಹತ್ತಿಬೀಜ. ಹೊಲದ ಸುತ್ತ ಅದನ್ನು ಬಿತ್ತಬೇಕು. ಅದರ ಮೇಲೆ ಬೆಳೆದ ಹುಳುಗಳು ಬಿ.ಟಿ.ಯನ್ನು ತಾಳಿಕೊಂಡು ಉಳಿದ ಹುಳುಗಳ ಜೊತೆ ಕೂಡಿದರೆ ಆ ತಾಳುವ ಗುಣ ಬೇಗ ಹಬ್ಬುವುದಿಲ್ಲ, ಇದೇ ಲೆಕ್ಕ. "ಹುಳಾ ಸಾಕಾಕ ಯಾಕ ಜಾಗ ಬಿಡಬೇಕು?" ಎಂದು ಬದುವಿನ ಮೇಲೆ ಎಸೆದವರನ್ನು ಕಂಡಿದ್ದೇನೆ. ತಪ್ಪು ಅವರದ್ದಲ್ಲ, ಬಿಡಿಸಿ ಹೇಳಿದವರು ಕಡಿಮೆ.

ಗುಲಾಬಿ ಕಾಯಿಕೊರಕ ಮೊದಲ ಬಿ.ಟಿ.ಯನ್ನು ಗುಜರಾತಿನಲ್ಲಿ ಗೆದ್ದ ಸಂಗತಿಯನ್ನು ಕಂಪನಿಯೇ 2010ರಲ್ಲಿ ಒಪ್ಪಿತು. ಎರಡು ಜೀನಿನ ಹತ್ತಿಗೂ ಈಗ ಅದು ಜಗ್ಗುತ್ತಿಲ್ಲ. ಚಿಕ್ಕ ಪೊಟ್ಟಣದ ಬೀಜವನ್ನು ದೊಡ್ಡದರಲ್ಲೇ ಬೆರೆಸಿ ಕೊಡುವ ಪದ್ಧತಿ ಆಮೇಲೆ ಬಂತು.

ಹಾಗಾದರೆ ಈಗೇನು? ನೀರಿದೆ ಎಂದು ಬೆಳೆಯನ್ನು ಬೇಸಿಗೆವರೆಗೆ ಎಳೆಯಬಾರದು. ಹತ್ತಿಕಟ್ಟಿಗೆಯನ್ನು ಹೊಲದ ಬದುವಿಗೆ ಒಟ್ಟಿ ಇಡಬಾರದು. ಹುಳು ಬೀಜದೊಳಗೂ ಅಡಗಿರುತ್ತದೆ. ಆದ್ದರಿಂದ ಜಿನ್ನಿಂಗ್ ಮಿಲ್ಲಿನವರೂ ಮೋಹಕ ಬಲೆ ಕಟ್ಟಬೇಕು. ಆದವಾನಿಯಲ್ಲಿ ಮಾಡಿ ರಾಯಚೂರಿನಲ್ಲಿ ಬಿಟ್ಟರೆ ಪ್ರಯೋಜನವಿಲ್ಲ. ಹುಳುವಿಗೆ ಗಡಿ ಚೆಕ್‌ಪೋಸ್ಟ್ ಇಲ್ಲ. ಬಿತ್ತನೆಗೆ ಮುಂಚೆ ಎರಡೂ ಭಾಷೆಯ ಪತ್ರಿಕೆಗಳು ಇಷ್ಟನ್ನು ದಪ್ಪ ಅಕ್ಷರದಲ್ಲಿ ಹಾಕಲಿ.