ತೆರೆಯ ಮೇಲಿನ ಅರಸರೂ ಅವರ ಉಡುಪೂ

ನಾಡಿನ ಇತಿಹಾಸವನ್ನು ಪುಸ್ತಕದಿಂದ ತಿಳಿದವರಿಗಿಂತ ಚಲಚ್ಚಿತ್ರದಿಂದ ತಿಳಿದವರೇ ನಮ್ಮಲ್ಲಿ ಹೆಚ್ಚು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೂ, ಶಾಲೆಯಲ್ಲಿ ಕನ್ನಡ ಓದುವ ಅನುಕೂಲವಿಲ್ಲದೆ ಇಲ್ಲಿ ಬೆಳೆಯುತ್ತಿರುವ ನಮ್ಮ ಅನೇಕ ಮಕ್ಕಳಿಗೂ ಇಮ್ಮಡಿ ಪುಲಿಕೇಶಿ ಎಂದರೆ, ಕೃಷ್ಣದೇವರಾಯನೆಂದರೆ, ತೆರೆಯ ಮೇಲೆ ಕಂಡ ರೂಪವೇ ಕಣ್ಣಮುಂದೆ ಬರುತ್ತದೆ. ಆ ರೂಪದಲ್ಲಿ ನಿಜವೆಷ್ಟು, ಅಲಂಕಾರವೆಷ್ಟು ಎಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು.

‘ರಣಧೀರ ಕಂಠೀರವ’ (1960), ‘ಕಿತ್ತೂರು ಚೆನ್ನಮ್ಮ’ (1961), ‘ಇಮ್ಮಡಿ ಪುಲಿಕೇಶಿ’ (1967), ‘ಶ್ರೀಕೃಷ್ಣದೇವರಾಯ’ (1970) ಮೊದಲಾದ ಚಿತ್ರಗಳು ಬಂದ ಕಾಲದಲ್ಲಿ ಕನ್ನಡ ಚಿತ್ರೋದ್ಯಮದ ನೆಲೆ ಬಹುಮಟ್ಟಿಗೆ ಈ ಊರೇ, ಅಂದರೆ ಆಗಿನ ಮದರಾಸೇ, ಆಗಿತ್ತು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮೊದಲಾದ ನಟರು ನಾಟಕ ಕಂಪೆನಿಗಳಿಂದ ಕೋಡಂಬಾಕದ ಸ್ಟುಡಿಯೋಗಳಿಗೆ ಬಂದವರು. ಅವರ ಹಿಂದೆಯೇ ಕಂಪೆನಿಯ ಉಡುಪಿನ ಪದ್ಧತಿಯೂ ಬಂದಿತು. ಮಕಮಲ್ಲಿನ ಅಂಗಿ, ಜರತಾರಿ ಅಂಚು, ಗಾಜಿನ ಹರಳು, ಕಿರೀಟ, ಭುಜಕೀರ್ತಿ ಇವಿಷ್ಟಿದ್ದರೆ ರಾಜ ಸಿದ್ಧ. ರಂಗದ ಮೇಲೆ ಇದಕ್ಕೆ ಕಾರಣವಿತ್ತು. ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವನಿಗೂ ರಾಜ ಯಾರು, ದೂತ ಯಾರು ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ನಿನ್ನೆ ದುರ್ಯೋಧನನಿಗೆ ತೊಡಿಸಿದ ಅಂಗಿಯನ್ನು ಇಂದು ಹರಿಶ್ಚಂದ್ರನಿಗೆ ತೊಡಿಸಿದರೆ ಖರ್ಚೂ ಕಡಿಮೆ. ಪುರಾಣದ ರಾಜನಿಗೆ ಇದು ಒಪ್ಪುತ್ತದೆ, ಅವನ ಉಡುಪನ್ನು ಕಂಡವರಿಲ್ಲ. ಇತಿಹಾಸದ ರಾಜನ ಮಾತು ಹಾಗಲ್ಲ. ಅವನ ಉಡುಪಿಗೆ ಕಲ್ಲಿನಲ್ಲಿ, ಲೋಹದಲ್ಲಿ, ಬಣ್ಣದಲ್ಲಿ ಸಾಕ್ಷಿ ಉಳಿದಿದೆ.

ಇಬ್ಬರು ಅರಸರನ್ನು ಹೋಲಿಸಿ ನೋಡೋಣ. ಪುಲಿಕೇಶಿ ಏಳನೆಯ ಶತಮಾನದವನು. ಬಾದಾಮಿಯ ಮೂರನೆಯ ಗುಹೆ 578ರಲ್ಲಿ ಆದದ್ದು, ಅವನಿಗಿಂತ ಒಂದು ತಲೆಮಾರು ಹಿಂದಿನದು. ಅದರ ಶಿಲ್ಪಗಳಲ್ಲಿ ಸೊಂಟಕ್ಕೆ ನೆರಿಗೆಯ ಬಟ್ಟೆ, ಮೈಮೇಲೆ ಹಾರ, ತೋಳಬಂದಿ. ಹೊಲಿದ ಅಂಗಿ ಇಲ್ಲ. ನಮಗೆ ಹತ್ತಿರದಲ್ಲೇ, ಸುಮಾರು 60 ಕಿಲೋಮೀಟರ್ ದೂರದ ಮಹಾಬಲಿಪುರದ ಆದಿವರಾಹ ಗುಹೆಯಲ್ಲಿ ಸಿಂಹವಿಷ್ಣು, ಮಹೇಂದ್ರ ಎಂಬ ಹೆಸರು ಬರೆದಿರುವ ಇಬ್ಬರು ಪಲ್ಲವ ಅರಸರ ಶಿಲ್ಪಗಳಿವೆ. ತಲೆಗೆ ಎತ್ತರದ ಕಿರೀಟ, ಮೇಲುಮೈ ಬರಿದು. ಆ ಕಾಲಕ್ಕೆ ಕಿರೀಟ ಸರಿ, ಮಕಮಲ್ಲಿನ ಅಂಗಿ ತಪ್ಪು.

ಕೃಷ್ಣದೇವರಾಯ ಆಳಿದ್ದು 1509ರಿಂದ 1529ರವರೆಗೆ, ಅಂದರೆ ಪುಲಿಕೇಶಿಗೆ ಸುಮಾರು ಒಂಬೈನೂರು ವರ್ಷಗಳ ತರುವಾಯ. ತಿರುಮಲೆಯ ದೇವಾಲಯದ ಮಹಾದ್ವಾರವನ್ನು ದಾಟಿದೊಡನೆ ಇಬ್ಬರು ರಾಣಿಯರ ನಡುವೆ ಕೈಮುಗಿದು ನಿಂತ ಅವನ ಲೋಹದ ಪ್ರತಿಮೆಯನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ತಲೆಯ ಮೇಲಿರುವುದು ಕಿರೀಟವಲ್ಲ, ನೀಳವಾದ ಟೋಪಿ. ಅದನ್ನು ಕುಲ್ಲಾಯಿ ಎನ್ನುತ್ತಿದ್ದರು. ದೇವರ ಮುಂದೆ ಮೇಲುಮೈ ಬರಿದಾಗಿದೆ. ಆಸ್ಥಾನದಲ್ಲಾದರೋ, ಚಿನ್ನದ ಗುಲಾಬಿಗಳ ಕಸೂತಿ ಹಾಕಿದ ಬಿಳಿಯ ಉಡುಪನ್ನೂ ಜರತಾರಿ ಟೋಪಿಯನ್ನೂ ತೊಟ್ಟು ಬರಿಗಾಲಲ್ಲಿದ್ದನೆಂದು 1520ರ ಸುಮಾರಿಗೆ ಅವನನ್ನು ಕಣ್ಣಾರೆ ಕಂಡ ಪೋರ್ಚುಗಲ್ ದೇಶದ ಡೊಮಿಂಗೊ ಪಾಯೆಸ್ ಬರೆದಿಟ್ಟಿದ್ದಾನೆ. ಲೇಪಾಕ್ಷಿಯ ಗುಡಿಯ ಚಿತ್ರಗಳಲ್ಲಿ ಅದೇ ಶತಮಾನದ ದೊಡ್ಡ ಮನುಷ್ಯರು ಕುಲ್ಲಾಯಿಯನ್ನೂ ಕಬಾಯಿ ಎಂಬ ನಿಲುವಂಗಿಯನ್ನೂ ತೊಟ್ಟು ಸಾಲಾಗಿ ನಿಂತಿದ್ದಾರೆ.

ಈ ಎರಡು ಹೆಸರುಗಳನ್ನು ಗಮನಿಸಬೇಕು. ಕುಲ್ಲಾಯಿ ಪಾರಸಿಯ ‘ಕುಲಾಹ’ದಿಂದ, ಕಬಾಯಿ ಅರಬ್ಬಿಯ ‘ಕಬಾ’ದಿಂದ ಬಂದವು. ನಮ್ಮ ಹಸುಗೂಸಿಗೆ ಹಾಕುವ ಕುಲಾವಿಯೂ ಅದೇ ಮಾತು. ರಾಯಚೂರಿನಲ್ಲಿ 1520ರಲ್ಲಿ ಬಿಜಾಪುರದ ಸುಲ್ತಾನನೊಡನೆ ಕಾದಾಡಿ ಗೆದ್ದ ಅರಸನೇ ಸುಲ್ತಾನರ ಆಸ್ಥಾನಗಳಲ್ಲಿ ನಡೆಯುತ್ತಿದ್ದ ಮಾದರಿಯ ಟೋಪಿಯನ್ನು ಗೌರವದ ಗುರುತಾಗಿ ಧರಿಸುತ್ತಿದ್ದನು. ರಣರಂಗದಲ್ಲಿ ಹಗೆತನವಿದ್ದರೂ ಉಡುಗೆ ತೊಡುಗೆಯಲ್ಲಿ ಕೊಡುಕೊಳ್ಳುವಿಕೆ ನಡೆದೇ ಇತ್ತು. ಒಬ್ಬ ನಿರ್ದೇಶಕನು ಈ ರಾಯನಿಗೆ ಪುರಾಣದ ಕಿರೀಟವನ್ನಿಟ್ಟು, ಟೋಪಿ ನಿಲುವಂಗಿಗಳನ್ನು ಶತ್ರುಗಳಿಗೆ ಮಾತ್ರ ತೊಡಿಸಿದರೆ, ಇವರಿಬ್ಬರಿಗೂ ಎಂದೂ ಸಂಬಂಧವೇ ಇರಲಿಲ್ಲವೆಂದು ಒಂದು ಮಾತೂ ಆಡದೆ ನಮ್ಮ ಮಕ್ಕಳಿಗೆ ಕಲಿಸಿದಂತಾಗುತ್ತದೆ. ಸಂಭಾಷಣೆಯಲ್ಲಿ ಸುಳ್ಳಿದ್ದರೆ ಯಾರಾದರೂ ಎದ್ದು ಆಕ್ಷೇಪಿಸಬಹುದು. ಉಡುಪಿನ ಸುಳ್ಳು ಯಾರಿಗೂ ತಿಳಿಯದಂತೆ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಗಿರಣಿಯಲ್ಲಿ ಬಟ್ಟೆಯ ಲೆಕ್ಕ ಬರೆಯುವವನಾದ್ದರಿಂದ ಬಣ್ಣದ ವಿಷಯ ಒಂದು ಮಾತು. ರಾಸಾಯನಿಕ ಬಣ್ಣಗಳಲ್ಲಿ ಮೊದಲು ಪೇಟೆಗೆ ಬಂದ ನೇರಳೆಯನ್ನು ಇಂಗ್ಲೆಂಡಿನ ಪರ್ಕಿನ್ ಕಂಡುಹಿಡಿದದ್ದು 1856ರಲ್ಲಿ. ಕಿತ್ತೂರಿನ ಕದನ ನಡೆದದ್ದು 1824ರಲ್ಲಿ. ಅಲ್ಲಿಯವರೆಗೆ ನಮ್ಮ ನೇಕಾರರಿಗೆ ನೀಲಿ, ಮಂಜಿಷ್ಠ, ಅರಗು, ಅರಿಸಿನ ಇವೇ ಗತಿ. ಆ ಬಣ್ಣಗಳೂ ಗಾಢವೇ, ಸುಂದರವೇ. ಆದರೆ ಇಂದಿನ ಬಣ್ಣದ ಚಿತ್ರಗಳಲ್ಲಿ ಕಾಣುವ ಕಣ್ಣು ಕೋರೈಸುವ ಗುಲಾಬಿ, ಹಸಿರು ಅವುಗಳಿಂದ ಹುಟ್ಟುವಂಥವಲ್ಲ.

ಹಾಗೆಂದು ಎಲ್ಲವೂ ಶಿಲ್ಪದಲ್ಲಿದ್ದಂತೆಯೇ ಇರಬೇಕೆಂದು ಹಟ ಹಿಡಿಯುವುದು ನ್ಯಾಯವಲ್ಲ. ಬಾದಾಮಿಯ ಶಿಲ್ಪದ ಸ್ತ್ರೀಯರಂತೆ ಇಂದಿನ ನಟಿಗೆ ಉಡಿಸಲಾಗದು. ಅಲ್ಲಿ ರವಿಕೆ ಬರಲೇಬೇಕು. ಕಡಿಮೆ ಹಣದಲ್ಲಿ ಚಿತ್ರ ತೆಗೆಯುವವನು ಉಡುಪನ್ನು ಬಾಡಿಗೆಗೆ ತರುವುದೂ ಸಹಜ. ಆದರೆ ಮಕಮಲ್ಲಿಗಿಂತ ಬಿಳಿಯ ಹತ್ತಿಬಟ್ಟೆ ಅಗ್ಗ, ಹರಳಿನ ಕಿರೀಟಕ್ಕಿಂತ ಟೋಪಿ ಅಗ್ಗ. ಇಲ್ಲಿ ಕೊರತೆಯಿರುವುದು ಹಣದ್ದಕ್ಕಿಂತ ನೋಡಿ ತಿಳಿಯುವ ತಾಳ್ಮೆಯದು.

ಆ ತಾಳ್ಮೆಯನ್ನು ಪ್ರೇಕ್ಷಕರಾದ ನಾವೂ ಬೆಳೆಸಿಕೊಳ್ಳಬಹುದು. ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಶಿಲ್ಪಗಳೂ ಕಂಚಿನ ಪ್ರತಿಮೆಗಳೂ ಇವೆ, ಶುಕ್ರವಾರ ರಜೆ. ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯದಲ್ಲಿ ಕಂಪೆನಿ ಕಾಲದ ಆಯುಧಗಳನ್ನೂ ಸೈನಿಕರ ಉಡುಪನ್ನೂ ನೋಡಬಹುದು. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ತಿರುಪತಿಗೆ ಹೋದಾಗ ನೂಕುನುಗ್ಗಲಿನ ನಡುವೆಯೂ ಒಂದು ಗಳಿಗೆ ಆ ಟೋಪಿಯ ರಾಯನನ್ನು ಅವರಿಗೆ ತೋರಿಸಿ.